ಚೀಲದಲ್ಲಿ ಎರಡೇ ಲೆನ್ಸ್

ಲೆನ್ಸ್ ಬದಲಿಸಬಹುದಾದ ರೇಂಜ್‌ಫೈಂಡರ್ ಕ್ಯಾಮೆರಾ ಇಟ್ಟುಕೊಂಡವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: ಮನೆಯಲ್ಲಿ ನಾಲ್ಕೈದು ಲೆನ್ಸ್ ಇವೆ, ಹೊರಡುವಾಗ ಯಾವ ಎರಡನ್ನು ಜೊತೆಗೆ ಒಯ್ಯುವುದು? ಎಲ್ಲವನ್ನೂ ಹೊತ್ತರೆ ಹೆಗಲು ನೋಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಎದುರಿಗಿರುವವರು ಕಾಯುತ್ತ ನಿಂತಿರುವಾಗ ಚೀಲದೊಳಗೆ ಕೈ ಹಾಕಿ ತಡಕಾಡುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಒಂದೇ ಲೆನ್ಸ್ ಒಯ್ಯುವುದಕ್ಕೆ ಧೈರ್ಯ ಬೇಕು. ಹಾಗಾಗಿ ಹೆಚ್ಚಿನವರು ಎರಡಕ್ಕೆ ಬಂದು ನಿಲ್ಲುತ್ತಾರೆ. ಎರಡು ಎಂದ ಕೂಡಲೇ ಜಗಳ ಶುರುವಾಗುತ್ತದೆ, ಏಕೆಂದರೆ ಮೊದಲನೆಯದನ್ನು ಆರಿಸುವುದು ಸುಲಭ, ಕಷ್ಟವಿರುವುದು ಎರಡನೆಯದರಲ್ಲಿ.

ಮುಂಬೈಯ ಮುಲುಂಡ್ ಪೂರ್ವದಲ್ಲಿ ಒಬ್ಬರು ಕಳೆದ ಮಳೆಗಾಲವಿಡೀ ಈ ಪ್ರಶ್ನೆಯನ್ನು ಇಟ್ಟುಕೊಂಡು ಕೂತಿದ್ದರು. ಅವರು ಗದಗಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. 1983ರಿಂದ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ವಾಸ. ರೈಲು ನಿಲ್ದಾಣದ ಪಶ್ಚಿಮಕ್ಕೆ ಇರುವ ಮುಲುಂಡ್ ನಕ್ಷೆ ಹಾಕಿ ಕಟ್ಟಿದ ಊರು. 1922ರಲ್ಲಿ ಕ್ರೌನ್ ಆಂಡ್ ಕಾರ್ಟರ್ ಎಂಬ ವಾಸ್ತುಶಿಲ್ಪಿಗಳು ನಿಲ್ದಾಣದಿಂದ ಪಾಂಚ್ ರಸ್ತಾದವರೆಗೆ ಚೌಕಚೌಕವಾಗಿ ರಸ್ತೆಗಳನ್ನು ಎಳೆದಿದ್ದರು. ಪೂರ್ವದ ಭಾಗ ಉಪ್ಪಿನ ಗದ್ದೆಗಳ ಕಡೆಗೆ ಚಾಚಿಕೊಂಡದ್ದು. ಅಲ್ಲಿನ ಮೀಠಾಗರ್ ರಸ್ತೆಯ ಹೆಸರಿನಲ್ಲೇ ಉಪ್ಪಿದೆ. ಆ ಕಡೆಯ ಮೂರು–ನಾಲ್ಕು ಮಹಡಿಯ ಹಳೆಯ ಸೊಸೈಟಿಗಳು ಈಗ ಒಂದೊಂದಾಗಿ ಬಿಲ್ಡರ್‌ಗಳ ಕೈಗೆ ಹೋಗುತ್ತಿವೆ. ಇವರ ಸೊಸೈಟಿಯದ್ದೂ ರೀಡೆವಲಪ್‌ಮೆಂಟ್ ಒಪ್ಪಂದ ಮುಗಿದು, ಗಣಪತಿ ಹಬ್ಬ ಕಳೆದ ಮೇಲೆ ಮನೆ ಖಾಲಿ ಮಾಡಬೇಕೆಂದು ನೋಟಿಸ್ ಬಂತು. 24 ಮನೆಗಳು. ಎಲ್ಲರಿಗೂ ಮೂರು ವರ್ಷ ಹೊರಗೆ ಬಾಡಿಗೆ ಮನೆ, ಆಮೇಲೆ ಹೊಸ ಟವರಿನಲ್ಲಿ ಚೀಟಿ ಎತ್ತಿದಲ್ಲಿ ಜಾಗ.

ಸೊಸೈಟಿಯ ಕೊನೆಯ ಸಭೆಯಲ್ಲಿ ಯಾರೋ, ಕಟ್ಟಡ ಒಡೆಯುವ ಮೊದಲು ಎಲ್ಲರದೂ ಒಂದೊಂದು ಫೋಟೋ ಇರಬೇಕಿತ್ತು ಎಂದರು. ಎಲ್ಲರೂ ಇವರ ಕಡೆ ತಿರುಗಿದರು. ಗಣಪತಿ ಪೆಂಡಾಲಿನಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ, ಟೆರೇಸಿನ ಮೇಲೆ ಹಪ್ಪಳ ಒಣಗಿಸುವಾಗ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುತ್ತಿದ್ದವರು ಇವರೊಬ್ಬರೇ. ಇವರು ಒಪ್ಪಿದರು. ಮನೆಗೆ ಮೂರು ಫೋಟೋ, 24 ಮನೆಗೆ 72, ಅಂದರೆ 36ರ ಎರಡು ರೋಲು. ಫಿಲಂ ತೊಳೆಯುವುದು ಮನೆಯ ಬಚ್ಚಲಲ್ಲೇ. ಇಷ್ಟರವರೆಗೆ ಲೆಕ್ಕ ಸಲೀಸಾಗಿತ್ತು.

ಅವರ ಕ್ಯಾಮೆರಾ ಜಪಾನಿನ ಕೊಸಿನಾ ಕಂಪನಿಯು ಫೋಗ್ಟ್‌ಲೆಂಡರ್ ಎಂಬ ಹಳೆಯ ಜರ್ಮನ್ ಹೆಸರಿನಲ್ಲಿ ಮಾಡಿದ ಬೆಸಾ ಆರ್2ಎ. 2006ರಲ್ಲಿ ಸಂಬಂಧಿಕರೊಬ್ಬರು ಸಿಂಗಪುರದಿಂದ ತಂದುಕೊಟ್ಟದ್ದು. ಲೆನ್ಸ್‌ಗಳು ನಾಲ್ಕು: 28, 35, 50 ಮತ್ತು 90 ಮಿಲಿಮೀಟರಿನವು. ಅವುಗಳಲ್ಲಿ ಎರಡನ್ನು ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು.

ರೇಂಜ್‌ಫೈಂಡರ್ ಕಂಡಿರದವರಿಗೆ ಎರಡು ಮಾತು. ಈ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದಲ್ಲಿರುವ ಒಂದು ಗಾಜಿನ ಕಿಟಕಿಯ ಮೂಲಕ ನೋಡುತ್ತೇವೆ. ಸ್ವಲ್ಪ ದೂರದಲ್ಲಿ ಇನ್ನೊಂದು ಪುಟ್ಟ ಕಿಟಕಿ ಇರುತ್ತದೆ. ಎರಡರಿಂದಲೂ ಬರುವ ಬಿಂಬಗಳು ನಡುವಿನ ಒಂದು ಚಿಕ್ಕ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸ್ ತಿರುಗಿಸುತ್ತ ಹೋದಂತೆ ಎರಡೂ ಹತ್ತಿರ ಸರಿದು, ಒಂದಾದ ಕ್ಷಣದಲ್ಲಿ ಫೋಕಸ್ ಆಯಿತೆಂದು ಅರ್ಥ. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವ ಬಗೆಯೂ ಹೆಚ್ಚುಕಡಿಮೆ ಇದೇ. ಲೈಕಾ ಕಂಪನಿ 1932ರಲ್ಲಿ ಈ ಅಳತೆಯನ್ನು ಲೆನ್ಸಿಗೇ ಜೋಡಿಸಿದ ಕ್ಯಾಮೆರಾ ತಂದಿತು. 1954ರ ಎಂ3 ಮಾದರಿ ಅದೇ ಕಿಟಕಿಯೊಳಗೆ ಬೆಳಕಿನ ಗೆರೆಗಳ ಚೌಕಟ್ಟುಗಳನ್ನೂ ತೋರಿಸಿತು.

ಲೆನ್ಸ್ ಬದಲಿಸಿದರೆ ಕಿಟಕಿಯ ನೋಟ ಬದಲಾಗುವುದಿಲ್ಲ, ಗೆರೆಯ ಚೌಕಟ್ಟು ಮಾತ್ರ ಹಿರಿದು ಕಿರಿದಾಗುತ್ತದೆ. ಚೌಕಟ್ಟಿನ ಹೊರಗೆ ಏನಿದೆ ಎಂಬುದೂ ಕಾಣುತ್ತಲೇ ಇರುತ್ತದೆ. ಯಾವುದನ್ನು ಒಳಗೆ ಬಿಟ್ಟುಕೊಂಡೆ, ಯಾವುದನ್ನು ಹೊರಗಿಟ್ಟೆ ಎಂಬುದನ್ನು ಈ ಕ್ಯಾಮೆರಾ ಮರೆಯಲು ಬಿಡುವುದಿಲ್ಲ.

ಮೊದಲು ಹೊರಬಿದ್ದದ್ದು 28. ಬೆಸಾ ಆರ್2ಎಯ ಕಿಟಕಿಯಲ್ಲಿ 35, 50, 75, 90ರ ಗೆರೆಗಳಿವೆ, 28ರದ್ದಿಲ್ಲ. ಅದಕ್ಕೆ ಕ್ಯಾಮೆರಾದ ನೆತ್ತಿಯ ಮೇಲೆ ಪ್ರತ್ಯೇಕ ಫೈಂಡರ್ ಕೂರಿಸಬೇಕು. ಒಂದರಲ್ಲಿ ಫೋಕಸ್ ಮಾಡಿ ಇನ್ನೊಂದರಲ್ಲಿ ನೋಡಬೇಕು. ಅದೇನೂ ಆಗದ ಕೆಲಸವಲ್ಲ. ನಿಜವಾದ ಕಾರಣ ಬೇರೆಯಿತ್ತು. 28ರಲ್ಲಿ ತೆಗೆದರೆ 10 ಅಡಿಗೆ 12 ಅಡಿಯ ಕೋಣೆ ಮದುವೆ ಹಾಲಿನಂತೆ ಕಾಣುತ್ತದೆ. ಗೋಡೆಗಳು ದೂರ ಸರಿಯುತ್ತವೆ, ಸೋಫಾ ಉದ್ದವಾಗುತ್ತದೆ. ಬಿಲ್ಡರ್ ಹಂಚಿದ ಬಣ್ಣಬಣ್ಣದ ಪುಸ್ತಿಕೆಯಲ್ಲಿ ಮನೆಗಳು ಕಾಣುವುದು ಹಾಗೆಯೇ. ಇಲ್ಲಿ ಉಳಿಸಿಕೊಳ್ಳಬೇಕಾದದ್ದು ಅದಕ್ಕೆ ವಿರುದ್ಧವಾದದ್ದು: ಇಷ್ಟು ಚಿಕ್ಕ ಜಾಗದಲ್ಲಿ ಆರು ಜನ ನಲವತ್ತು ವರ್ಷ ಬದುಕಿದರು ಎಂಬುದು.

ಒಳಗೆ ಬಂದದ್ದು 35. ಅದರ ಲೆಕ್ಕ ಬಾಯಲ್ಲೇ ಮಾಡಬಹುದು. ಫಿಲಂ ಚೌಕದ ಅಗಲ 36 ಮಿಲಿಮೀಟರ್, ಲೆನ್ಸ್ 35. ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ 35ರ ಲೆನ್ಸಿಗೆ ಎಷ್ಟು ದೂರವೋ ಅಷ್ಟೇ ಅಗಲ. 8 ಅಡಿ ದೂರ ನಿಂತರೆ 8 ಅಡಿ ಅಗಲದ ದೃಶ್ಯ ಸಿಗುತ್ತದೆ. ಅಷ್ಟೇ ದೂರದಿಂದ 50ರಲ್ಲಿ ಸುಮಾರು ಐದೂ ಮುಕ್ಕಾಲು ಅಡಿ, 90ರಲ್ಲಿ ಮೂರಡಿ ಚಿಲ್ಲರೆ, 28ರಲ್ಲಿ ಹತ್ತಡಿಗೂ ಮಿಕ್ಕಿ. ಈ ಕಟ್ಟಡದ ಹಾಲ್ ಎಂದರೆ 12 ಅಡಿ. ಗೋಡೆಗೆ ಬೆನ್ನು ಕೊಟ್ಟು ನಿಂತರೂ ಎದುರಿನ ಸೋಫಾದಲ್ಲಿ ಕೂತವರಿಗೆ 8 ಅಡಿಗಿಂತ ಹೆಚ್ಚು ದೂರ ಸಿಗುವುದಿಲ್ಲ. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಪಕ್ಕದಲ್ಲಿ ಟಿ.ವಿ. ಸ್ಟ್ಯಾಂಡು, ಇವೆಲ್ಲ ಒಂದೇ ಫೋಟೋದಲ್ಲಿ ಬರಬೇಕಾದರೆ 35 ಬಿಟ್ಟು ಗತಿಯಿಲ್ಲ. ಮೊದಲ ಲೆನ್ಸನ್ನು ಅವರು ಆರಿಸಲಿಲ್ಲ, ಗೋಡೆ ಆರಿಸಿತು.

ಉಳಿದದ್ದು ಎರಡನೆಯದು: 50 ಅಥವಾ 90.

ಠಾಣೆಯಲ್ಲಿ ಮದುವೆ ಫೋಟೋ ತೆಗೆಯುವ ಅವರ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಅವರ ಮಾತಿನಲ್ಲಿ ಗೊಂದಲವೇ ಇರಲಿಲ್ಲ. ಎರಡನೆಯ ಲೆನ್ಸ್ ಮೊದಲನೆಯದರ ಹೆಚ್ಚುಕಡಿಮೆ ಎರಡು ಪಟ್ಟಾದರೂ ಇರಬೇಕು, ಇಲ್ಲವಾದರೆ ಹೊತ್ತು ಏನು ಪ್ರಯೋಜನ ಎಂಬುದು ಅವರ ವಾದ. 28 ಒಯ್ದರೆ 50, 35 ಒಯ್ದರೆ 90. 35 ಮತ್ತು 50 ಜೋಡಿಯೇ ಅಲ್ಲ, ಅಕ್ಕಪಕ್ಕದ ಮನೆಯವು. 50ರಲ್ಲಿ 7 ಅಡಿಯಿಂದ ಸಿಗುವ ಚೌಕಟ್ಟು 35ರಲ್ಲಿ 5 ಅಡಿಯಿಂದ ಸಿಗುತ್ತದೆ. ಎರಡು ಅಡಿ ಮುಂದೆ ಹೋಗಲಾರದವನು ಚೀಲದಲ್ಲಿ ಇನ್ನೊಂದು ಲೆನ್ಸ್ ಹೊರಬೇಕೇ? ಬೆಸಾ ಮಾಡಿದವರೂ ಸ್ನೇಹಿತರ ಪರವಾಗಿಯೇ ಇದ್ದಂತಿತ್ತು. ಆ ಕ್ಯಾಮೆರಾದ ಚೌಕಟ್ಟು ಬದಲಿಸುವ ಗುಂಡಿಯಲ್ಲಿ 35 ಮತ್ತು 90 ಒಂದೇ ಸ್ಥಾನದಲ್ಲಿವೆ, ದೊಡ್ಡ ಚೌಕಟ್ಟಿನೊಳಗೆ ಚಿಕ್ಕದು. 50ಕ್ಕೆ ಬೇರೆ ಸ್ಥಾನ.

ವಾದ ಗಟ್ಟಿಯಾಗಿತ್ತು. ಮುಖದ ಫೋಟೋಗೆ 90 ನಿಜಕ್ಕೂ ಒಳ್ಳೆಯದು. ಭುಜ ಮತ್ತು ತಲೆ ಮಾತ್ರ ಬರುವಂತೆ ಎರಡೂವರೆ ಅಡಿ ಅಗಲ ಬೇಕೆಂದರೆ 35ರಲ್ಲಿ ಎರಡೂವರೆ ಅಡಿ ಹತ್ತಿರ ಹೋಗಬೇಕು, 50ರಲ್ಲಿ ಮೂರೂವರೆ ಅಡಿ, 90ರಲ್ಲಿ ಆರು ಅಡಿ ದಾಟಿ ನಿಲ್ಲಬಹುದು. ಮುಖದ ಆಕಾರ ಕೆಡಿಸುವುದು ಲೆನ್ಸಿನ ಗುಣ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಅದು ದೂರದ ಗುಣ. ತೀರ ಹತ್ತಿರದಿಂದ ನೋಡಿದಾಗ ಕಿವಿಗಿಂತ ಮೂಗು ನಮಗೆ ಬಹಳ ಹತ್ತಿರವಿರುತ್ತದೆ, ಹಾಗಾಗಿ ಅದು ದೊಡ್ಡದಾಗಿ ಕಾಣುತ್ತದೆ. ಆರಡಿ ಹಿಂದೆ ಸರಿದರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಯಾವ ಲೆನ್ಸ್ ಹಾಕಿದರೂ, ನಿಂತ ಜಾಗ ಒಂದೇ ಆದರೆ ಮೂಗು–ಕಿವಿಗಳ ಅನುಪಾತವೂ ಒಂದೇ.

ಈ ಒಂದು ಸಂಗತಿ ತಿಳಿದ ಮೇಲೆ ಹಳೆಯ ಫೋಟೋಗಳನ್ನು ನೋಡುವ ರೀತಿಯೇ ಬದಲಾಗುತ್ತದೆ. ಅವರ ಕಪಾಟಿನಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರ ಪುಸ್ತಕಗಳಿವೆ. ಸತ್ಯನ್ (1923–2009) ದೇಶವೆಲ್ಲ ಸುತ್ತಿ ಸಾಮಾನ್ಯರ ಬದುಕನ್ನು ಸೆರೆಹಿಡಿದ ಛಾಯಾಪತ್ರಕರ್ತರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಆ ಮಳೆಗಾಲದ ಮಧ್ಯಾಹ್ನಗಳಲ್ಲಿ ಪುಸ್ತಕ ತೆರೆದು ಅವರು ಕೇಳಿಕೊಳ್ಳುತ್ತಿದ್ದದ್ದು ಒಂದೇ ಪ್ರಶ್ನೆ: ಈ ಫೋಟೋ ತೆಗೆಯುವಾಗ ಇವರು ಎಲ್ಲಿ ನಿಂತಿದ್ದರು? ಮಾತಾಡಿಸಿದರೆ ಕೇಳಿಸುವಷ್ಟು ಹತ್ತಿರವೋ, ಕೂಗಿ ಕರೆಯುವಷ್ಟು ದೂರವೋ? ಚಿತ್ರವನ್ನು ದಿಟ್ಟಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ಯಾವ ಲೆನ್ಸ್ ಎಂದು ಯಾರೂ ಬರೆದಿಟ್ಟಿರಬೇಕಾಗಿಲ್ಲ.

ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸಾನ್ 1947ರಲ್ಲಿ ಪತ್ನಿ ರತ್ನಾ ಮೋಹಿನಿಯವರೊಂದಿಗೆ ಭಾರತಕ್ಕೆ ಬಂದಾಗ ಕೈಯಲ್ಲಿದ್ದದ್ದು ಲೈಕಾ. ಜೀವಮಾನದ ಕೆಲಸದ ಬಹುಪಾಲನ್ನು ಅವರು 50ರ ಲೆನ್ಸಿನಲ್ಲೇ ಮಾಡಿದರು. 1948ರ ಜನವರಿ 30ರಂದು ಗಾಂಧೀಜಿಯವರನ್ನು ಕಂಡು ಬಂದ ಸ್ವಲ್ಪ ಹೊತ್ತಿಗೇ ಗಾಂಧೀಜಿಯವರ ಹತ್ಯೆಯಾಯಿತು. ಮುಂದೆ ಅಂತ್ಯಯಾತ್ರೆಯ ಜನಸಾಗರದ ನಡುವೆಯೂ ಅವರು ಜನರಿಗೆ ಹತ್ತಿರ ನಿಂತೇ ಕೆಲಸ ಮಾಡಿದರು. ಆದರೆ ದೊಡ್ಡವರ ಉದಾಹರಣೆ ನಮ್ಮ ಚೀಲವನ್ನು ತುಂಬಿಕೊಡುವುದಿಲ್ಲ. 24 ಮನೆಗಳ ಕೆಲಸಕ್ಕೆ ಬೇಕಾದ ಉತ್ತರ ಆ 24 ಮನೆಗಳಲ್ಲೇ ಸಿಗಬೇಕಿತ್ತು.

ಅದಕ್ಕೆ ಅವರು ಒಂದು ಭಾನುವಾರ 35ರ ಜೊತೆ 50 ಮಾತ್ರ, ಇನ್ನೊಂದು ಭಾನುವಾರ 35ರ ಜೊತೆ 90 ಮಾತ್ರ ಎಂದು ಇಟ್ಟುಕೊಂಡು ಪ್ರಯೋಗ ಮಾಡಿದರು.

90ರ ಮೊದಲ ತೊಂದರೆ ಬೆಳಕಿನದು. ಮುಂಬೈ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಸಿಗುವುದು ರಾತ್ರಿ ಎಂಟರ ಮೇಲೆ, ಲೋಕಲ್ ಇಳಿದು ಮನೆ ಸೇರಿದ ಮೇಲೆ. ಆಗ ಇರುವುದು ಟ್ಯೂಬ್‌ಲೈಟಿನ ಬೆಳಕು. ಅವರ 35 ಎಫ್ 2.5ರದು, 1/30 ಸೆಕೆಂಡಿನಲ್ಲಿ ಕೈ ಅಲುಗದೆ ತೆಗೆಯಬಹುದು. 50 ಎಫ್ 1.5ರದು, 1/60 ಬೇಕು, ಆದರೂ 35ಕ್ಕಿಂತ ಕಡಿಮೆ ಬೆಳಕಿನಲ್ಲೇ ಕೆಲಸ ನಡೆಯುತ್ತದೆ. 90 ಎಫ್ 3.5ರದು. ಲೆನ್ಸ್ ಉದ್ದವಾದಷ್ಟೂ ಕೈಯ ನಡುಕ ದೊಡ್ಡದಾಗಿ ಕಾಣುವುದರಿಂದ 1/125 ಬೇಕು. ಲೆಕ್ಕ ಹಾಕಿದರೆ 35ಕ್ಕೆ ಸಾಕಾಗುವ ಬೆಳಕಿನ ಎಂಟು ಪಟ್ಟು ಬೆಳಕು 90ಕ್ಕೆ ಬೇಕು. ಅಷ್ಟು ಬೆಳಕು ಆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ.

ಎರಡನೆಯದು ಫೋಕಸ್. ಎರಡು ಕಿಟಕಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ಕರಾರುವಾಕ್ಕಾಗಿರುತ್ತದೆ. ಬೆಸಾದಲ್ಲಿ ಆ ಅಂತರ 37 ಮಿಲಿಮೀಟರ್. ಕಿಟಕಿಯ ನೋಟ ನಿಜದ 0.7 ಪಟ್ಟು ಇರುವುದರಿಂದ ಲೆಕ್ಕಕ್ಕೆ ಸಿಗುವುದು ಸುಮಾರು 26 ಮಾತ್ರ. ಲೈಕಾದ ಎಂ ಮಾದರಿಗಳಲ್ಲಿ ಇದು 50ರ ಆಸುಪಾಸು. ಆರಡಿ ದೂರದ ಮುಖಕ್ಕೆ 90ನ್ನು ಪೂರ್ತಿ ತೆರೆದು ಹಿಡಿದರೆ ಸ್ಪಷ್ಟವಾಗಿ ಬರುವುದು ಸುಮಾರು 9 ಸೆಂಟಿಮೀಟರಿನಷ್ಟು ಆಳ. ಕೂತ ಅಜ್ಜ ನಕ್ಕು ಸ್ವಲ್ಪ ಮುಂದೆ ಬಾಗಿದರೆ ಕಣ್ಣು ಮಸುಕು, ಕಿವಿ ಸ್ಪಷ್ಟ.

ಮೂರನೆಯದು ಪ್ರಿಂಟ್ ನೋಡಿದ ಮೇಲೆ ತಿಳಿದದ್ದು. ಮೊದಲ ಮಹಡಿಯ ಕಚ್ಛಿ ಅಜ್ಜಿಯೊಬ್ಬರನ್ನು ಎಲ್ಲರೂ ಬಾ ಎಂದೇ ಕರೆಯುವುದು. ಹಗಲಿನಲ್ಲಿ ಕಿಟಕಿಯ ಬಳಿ ಕೂರಿಸಿ 90ರಲ್ಲಿ ತೆಗೆದ ಅವರ ಮುಖ ಸೊಗಸಾಗಿ ಬಂದಿತ್ತು. ಸುಕ್ಕುಗಳು, ಮೂಗುತಿ, ಬೆಳಕು, ಎಲ್ಲವೂ ಇದ್ದವು. ಮನೆ ಮಾತ್ರ ಇರಲಿಲ್ಲ. ಹಿನ್ನೆಲೆಯೆಲ್ಲ ಬೂದುಬಣ್ಣದಲ್ಲಿ ಕರಗಿತ್ತು. ಆ ಫೋಟೋ ಮುಲುಂಡಿನದೋ, ಭುಜ್‌ನದೋ, ಯಾವುದೋ ಸ್ಟುಡಿಯೋದ್ದೋ ಹೇಳುವಂತಿರಲಿಲ್ಲ. 50ರಲ್ಲಿ ಏಳಡಿಯಿಂದ ತೆಗೆದ ಇನ್ನೊಂದರಲ್ಲಿ ಐದಡಿ ಅಗಲದ ಜಗತ್ತು ಬಾ ಅವರ ಜೊತೆಗೇ ಬಂದಿತ್ತು: ಗೋಡೆಯ ಕ್ಯಾಲೆಂಡರು, ಔಷಧಿ ಡಬ್ಬಿ, ಹಿಡಿ ಸವೆದ ಉಯ್ಯಾಲೆಯ ಸರಪಳಿ. ಮುಖ ಚಿಕ್ಕದಾಗಿತ್ತು, ಆದರೆ ಆ ಮುಖ ಅಲ್ಲಿಯದೇ ಆಗಿತ್ತು.

ಇಷ್ಟಕ್ಕೆ 90 ಮನೆಯಲ್ಲಿ ಉಳಿಯಬೇಕಿತ್ತು. ಅವರು ಅದನ್ನು ಚೀಲದಿಂದ ತೆಗೆಯಲಿಲ್ಲ. ಕಾರಣ ಎದುರು ಮನೆ.

1983ರಲ್ಲಿ ಈ ಕಟ್ಟಡದಲ್ಲಿ ಇಬ್ಬರು ಅಣ್ಣತಮ್ಮಂದಿರು ಎದುರುಬದುರು ಮನೆ ತೆಗೆದುಕೊಂಡಿದ್ದರು. ಒಂದೇ ಲ್ಯಾಂಡಿಂಗ್, ನಡುವೆ ಏಳು ಅಡಿ. ಆಗೆಲ್ಲ ಎರಡೂ ಬಾಗಿಲು ಹಗಲಿಡೀ ತೆರೆದೇ ಇರುತ್ತಿದ್ದವು. ಮಕ್ಕಳಿಗೆ ಊಟ ಎಲ್ಲಿ ಸಿಕ್ಕಿತೋ ಅಲ್ಲೇ. ಅಪ್ಪ ತೀರಿಕೊಂಡ ಮೇಲೆ ಊರಿನ ನಾಲ್ಕು ಎಕರೆ ಎರೆಹೊಲ ಮಾರುವ ವಿಚಾರದಲ್ಲಿ ಮಾತಿಗೆ ಮಾತು ಬೆಳೆಯಿತು. ಒಂದು ಕಾಗದಕ್ಕೆ ಒಬ್ಬರು ಸಹಿ ಹಾಕಿದರು, ಇನ್ನೊಬ್ಬರು ಹಾಕಲಿಲ್ಲ. ಹನ್ನೊಂದು ವರ್ಷಗಳಿಂದ ಅಣ್ಣ ತಮ್ಮ ಮಾತಾಡಿಲ್ಲ. ಹೆಂಗಸರು ಆ ಜಗಳವನ್ನು ಹೊಸ್ತಿಲಾಚೆ ಇಟ್ಟರು. ಈಗಲೂ ನಾಗರಪಂಚಮಿಗೆ ಉಂಡಿಯ ತಾಟು ಈ ಬಾಗಿಲಿಂದ ಆ ಬಾಗಿಲಿಗೆ ಹೋಗುತ್ತದೆ, ಖಾಲಿ ತಾಟು ಮರಳುವುದಿಲ್ಲ, ಅದರಲ್ಲೂ ಏನಾದರೊಂದು ಬರುತ್ತದೆ.

ಪಟ್ಟಿಯಲ್ಲಿ 24ನೆಯದು ಅಣ್ಣನ ಮನೆ.

ಅಣ್ಣ ಬೆಳಿಗ್ಗೆ ಏಳಕ್ಕೆ ಕೆಳಗಿಳಿದು ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಾರೆ. ಮೆಟ್ಟಿಲ ಕಿಟಕಿಯಿಂದ ಬೆಂಚಿಗೆ 25 ಅಡಿ. ಅಷ್ಟು ದೂರದಿಂದ 50ರಲ್ಲಿ 18 ಅಡಿ ಅಗಲ ಬರುತ್ತದೆ, ಕೂತವರು ಚುಕ್ಕೆಯಂತೆ ಕಾಣುತ್ತಾರೆ. 90ರಲ್ಲಿ ಹತ್ತೇ ಅಡಿ. ಬೆಂಚು, ಪೇಪರು, ಮನುಷ್ಯ, ಅಷ್ಟೇ. ಬೆಳಕೂ ಬೇಕಾದಷ್ಟು. ಪ್ರಯೋಗದ ಆ ಭಾನುವಾರ ಅವರು ಕಿಟಕಿಯ ಬಳಿ ನಿಂತು ಅದನ್ನು ತೆಗೆದೂ ಬಿಟ್ಟರು. ಕನ್ನಡಕ ಮೂಗಿನ ತುದಿಗೆ ಜಾರಿದ ಅಣ್ಣ, ಮೊಣಕಾಲ ಮೇಲೆ ಮಡಿಸಿದ ಪೇಪರು. ಚೌಕಟ್ಟು, ಫೋಕಸ್, ಎಲ್ಲ ಸರಿಯಾಗಿತ್ತು.

ಪ್ರಿಂಟ್ ಒಣಗಿಸಲು ಹಾಕಿದ್ದಾಗ ಹೆಂಡತಿ ನೋಡಿದರು. ಬಹಳ ಹೊತ್ತು ನೋಡಿದರು.

“ಭಾಳ ಚಂದ ಬಂದದರೀ. ಆದ್ರ ಪೊಲೀಸ್ರು ತಗದ ಫೋಟೋ ಇದ್ದಂಗದ ಅಲ್ಲ?”

ಕನ್ನಡದಲ್ಲಿ ಫೋಟೋ ವಿಷಯಕ್ಕೆ ಬೇಕಾದಷ್ಟು ಕ್ರಿಯಾಪದಗಳಿವೆ. ತೆಗೆಯುತ್ತೇವೆ, ಹಿಡಿಯುತ್ತೇವೆ, ಆಡುಮಾತಿನಲ್ಲಿ ಹೊಡೆಯುತ್ತೇವೆ. ಇವೆಲ್ಲ ಕ್ಯಾಮೆರಾ ಇರುವವನ ಕೆಲಸಗಳು. ಆದರೆ ಎದುರು ನಿಂತವನಿಗೂ ನಮ್ಮ ವ್ಯಾಕರಣ ಒಂದು ಕೆಲಸ ಕೊಟ್ಟಿದೆ: ಅವನು ಫೋಟೋ ತೆಗೆಸಿಕೊಳ್ಳುತ್ತಾನೆ. ಒಂದೇ ಧಾತುವಿಗೆ ಒಂದು ಪ್ರತ್ಯಯವೂ ಒಂದು ಸಹಾಯಕ ಕ್ರಿಯಾಪದವೂ ಸೇರಿ, ಬೇರೆಯವರಿಂದ ಮಾಡಿಸುವುದು, ಅದನ್ನು ತನಗಾಗಿ ಮಾಡಿಸಿಕೊಳ್ಳುವುದು, ಎರಡೂ ಒಂದೇ ಮಾತಿನಲ್ಲಿ ಬರುತ್ತವೆ. ಅಂಗಿ ಹೊಲಿಸಿಕೊಂಡಂತೆ, ಕೂದಲು ಕತ್ತರಿಸಿಕೊಂಡಂತೆ, ಫೋಟೋ ತೆಗೆಸಿಕೊಂಡೆ ಎನ್ನುತ್ತೇವೆ. ಹಳೆಯ ಸ್ಟುಡಿಯೋಗಳಿಗೆ ಕುಟುಂಬ ಸಮೇತ ಹೋಗುತ್ತಿದ್ದವರು ಮಾಡುತ್ತಿದ್ದದ್ದು ಅದನ್ನೇ. 23 ಮನೆಗಳವರು ಈಗ ಮಾಡುತ್ತಿದ್ದದ್ದೂ ಅದನ್ನೇ, ಸೀರೆ ಬದಲಿಸಿ, ತಲೆ ಬಾಚಿ, ಟೇಬಲ್ ಮೇಲಿನ ಸಾಮಾನು ಸರಿಸಿ. ಕಿಟಕಿಯಿಂದ ತೆಗೆದ ಫೋಟೋದಲ್ಲಿ ತೆಗೆದವರಿದ್ದರು, ತೆಗೆಸಿಕೊಂಡವರು ಇರಲಿಲ್ಲ.

ಹಾಗೆಂದು 90 ಕಳ್ಳರ ಲೆನ್ಸ್ ಎಂದು ಷರಾ ಬರೆದುಬಿಡುವುದು ತಪ್ಪು. ವೇದಿಕೆಯ ಮೇಲಿನ ಗಾಯಕರಿಗೆ, ಮುಲುಂಡ್ ಪಶ್ಚಿಮದ ಕಾಳಿದಾಸ ನಾಟ್ಯಮಂದಿರದ ನಾಟಕಕ್ಕೆ, ಉಪ್ಪಿನ ಗದ್ದೆಯ ಹಕ್ಕಿಗೆ ಅದಿಲ್ಲದೆ ಆಗದು. ಅಲ್ಲೆಲ್ಲ ನಾವು ಹತ್ತಿರ ಹೋಗುವ ಹಾಗಿಲ್ಲ, ಹೋಗಬಾರದು ಕೂಡ. ಎರಡನೆಯ ಲೆನ್ಸ್ ಇರಬೇಕಾದದ್ದೇ ಕಾಲು ಹೋಗಲಾರದ ಕಡೆಗೆ. ಆದರೆ ಕಾಲು ಹೋಗಲಾರದ ಜಾಗ ಬೇರೆ, ಹೋಗಲು ಒಲ್ಲೆನೆನ್ನುವ ಜಾಗ ಬೇರೆ. ನಡುವೆ ಹಳ್ಳವಿದ್ದರೆ ಲೆನ್ಸ್ ದಾಟಿಸಬಹುದು. ಇಲ್ಲಿದ್ದದ್ದು ಏಳು ಅಡಿ ಮೊಸಾಯಿಕ್ ನೆಲ.

ಸ್ನೇಹಿತರ ವಾದಕ್ಕೂ ಉತ್ತರ ಇಲ್ಲೇ ಸಿಕ್ಕಿತು. 35 ಹಾಕಿ ಎರಡು ಅಡಿ ಮುಂದೆ ಹೋದರೆ 50ರ ಚೌಕಟ್ಟು ಸಿಗುತ್ತದೆ ಎಂಬುದು ನಿಜ. ಆದರೆ ಆ ಎರಡು ಅಡಿ ಎಲ್ಲ ಮನೆಗಳಲ್ಲೂ ಒಂದೇ ಅಳತೆಯದ್ದಲ್ಲ. ಮಕ್ಕಳ ಮುಂದೆ ಅದು ಏನೂ ಅಲ್ಲ. ಮೂರನೇ ಮಹಡಿಯ ಮರಾಠಿ ಕಾಕು ಮಗನನ್ನು ಕಳೆದುಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅವರ ಮುಂದೆ ಕ್ಯಾಮೆರಾ ಹಿಡಿದು ಐದಡಿಗೆ ಹೋದರೆ ಅವರು ಹಿಂದೆ ಸರಿಯುತ್ತಿದ್ದರು, ಏಳಡಿಯಲ್ಲಿ ನಿಂತರೆ ಕೂತಲ್ಲೇ ಕೂತಿರುತ್ತಿದ್ದರು. ಮನೆಗೆ ಬಂದ ನೆಂಟರು ಎದುರಿನ ಕುರ್ಚಿಯಲ್ಲಿ ಕೂತು ಮಾತಾಡುವ ದೂರ ಅದು. ತೀರ ಹತ್ತಿರದ ಸಲಿಗೆಯೂ ಅಲ್ಲದ, ಪರಕೀಯತೆಯೂ ಅಲ್ಲದ ಆ ದೂರಕ್ಕೆ 50 ಸರಿಯಾಗಿ ಹೊಂದುತ್ತಿತ್ತು. 35 ಮನೆಯದ್ದಾಯಿತು, 50 ಮನುಷ್ಯರದ್ದಾಯಿತು.

ಗಣಪತಿ ಹಬ್ಬಕ್ಕೆ ಹತ್ತು ದಿನ ಇರುವಾಗ ಕೆಲಸ ಶುರುವಾಯಿತು. 90 ಡಬ್ಬಿಯಲ್ಲಿ ಉಳಿಯಿತು. ದಿನಕ್ಕೆ ಮೂರು ಮನೆ, ಮೊದಲು 35ರಲ್ಲಿ ಎಲ್ಲರೂ, ಆಮೇಲೆ 50ರಲ್ಲಿ ಒಬ್ಬರು ಅಥವಾ ಇಬ್ಬರು, ಕೊನೆಗೆ ಅವರು ಹೇಳಿದ ಒಂದು ವಸ್ತು ಅಥವಾ ಮೂಲೆ. ಆ ಮೂರನೆಯ ಫೋಟೋಗೆ ಬಂದ ಬೇಡಿಕೆಗಳನ್ನು ಯಾರೂ ಊಹಿಸಲಾರರು. ಒಬ್ಬರಿಗೆ ಬಚ್ಚಲಿನ ತಾಮ್ರದ ಹಂಡೆ. ಒಬ್ಬರಿಗೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ ಮಕ್ಕಳ ಎತ್ತರ. ಒಬ್ಬರಿಗೆ ಸೋರುವ ಮೂಲೆಯೇ ಬೇಕಿತ್ತು, 2005ರ ಜುಲೈ 26ರ ಮಳೆಯ ಕಲೆ ಅಲ್ಲಿ ಇನ್ನೂ ಇದೆಯೆಂದು.

ಎಂಟನೆಯ ದಿನದ ಕೊನೆಗೆ 23 ಮನೆ ಮುಗಿದವು. ರೋಲಿನಲ್ಲಿ ಮೂರು ಫೋಟೋ ಉಳಿದವು.

ಬಾಗಿಲು ತೆರೆದದ್ದು ವೈನಿ. ಕ್ಯಾಮೆರಾ ನೋಡಿ, ಏನೂ ಕೇಳದೆ, ಒಳಗೆ ತಿರುಗಿ ಗಂಡನನ್ನು ಕರೆದರು. ಅಣ್ಣ ಬಂದು ಹೊಸ್ತಿಲಲ್ಲಿ ನಿಂತರು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹಿಂದಿನ ದಿನ ಕಾಕು ಮನೆಯಲ್ಲಿ ನಡೆದದ್ದು, ಕೆಳಗಿನ ಬಾ ಅವರ ಫೋಟೋ, ಎಲ್ಲವೂ ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಂಗಿ ಇಸ್ತ್ರಿಯದ್ದಾಗಿತ್ತು.

ಕ್ಯಾಮೆರಾದಲ್ಲಿ 50 ಇತ್ತು. ತಮ್ಮ ಕಣ್ಣಿಗೆ ಕ್ಯಾಮೆರಾ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಚೌಕಟ್ಟಿನಲ್ಲಿ ಅಣ್ಣ ಮಾತ್ರ ಇದ್ದರು. ವೈನಿ ಗೆರೆಯ ಹೊರಗೆ ನಿಂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಇನ್ನೊಂದು ಹೆಜ್ಜೆ ಸರಿದರು.

“ಎಷ್ಟ ಹಿಂದ ಹೋಗ್ತೀ?” ಅಣ್ಣ ಕೇಳಿದರು. “ಹಿಂದ ನಿನ್ನ ಬಾಗಲಾ ಬಂತು.”

ಹನ್ನೊಂದು ವರ್ಷದ ಮೇಲಿನ ಮೊದಲ ಮಾತು ಅದು. ಬೆನ್ನಿಗೆ ಬಾಗಿಲು ತಾಗಿತ್ತು. ಏಳು ಅಡಿ, 50ರ ಲೆನ್ಸ್, ಐದಡಿ ಅಗಲ. ವೈನಿ ಅರ್ಧ ಬಂದರು, ಅರ್ಧ ಉಳಿದರು. ಒಂದು ಫೋಟೋ ಹಾಗೆಯೇ ಆಯಿತು. ಆಮೇಲೆ 35 ಹಾಕಿ, ಕ್ಯಾಮೆರಾ ಅಡ್ಡ ತಿರುಗಿಸಿ, ಬಾಗಿಲ ತೋರಣದಿಂದ ಹೊಸ್ತಿಲ ರಂಗೋಲಿಯವರೆಗೆ ಇಬ್ಬರೂ ಪೂರ್ತಿ ಬರುವಂತೆ ಇನ್ನೊಂದು. ಮೂರನೆಯದಕ್ಕೆ ಏನು ಬೇಕೆಂದು ಕೇಳಿದಾಗ ಅಣ್ಣ ಸ್ವಲ್ಪ ಯೋಚಿಸಿ, ತಮ್ಮನ ಭುಜದ ಮೇಲಿಂದ ಎದುರಿನ ಬಾಗಿಲನ್ನು ತೋರಿಸಿದರು. ಅದನ್ನು ತೆಗೆಯಬೇಕಾದರೆ ತಮ್ಮ ಏಳಡಿ ದಾಟಿ ಅಣ್ಣನ ಹೊಸ್ತಿಲಿಗೆ ಬಂದು ನಿಲ್ಲಬೇಕಿತ್ತು. ಬಂದು ನಿಂತರು.

ಇಬ್ಬರೂ ಹೊಲದ ಮಾತು ಎತ್ತಲಿಲ್ಲ. ರಾಜಿಯಾಯಿತು ಎಂದು ಹೇಳುವಂಥದ್ದೇನೂ ನಡೆಯಲಿಲ್ಲ. ವೈನಿ ಚಹಾ ಕೊಟ್ಟರು, ನಿಂತೇ ಕುಡಿದರು. ಗಣಪತಿ ಕಳುಹಿಸಿದ ವಾರಕ್ಕೆ ಅಣ್ಣನ ಮನೆಯ ಸಾಮಾನು ಪುಣೆಯಲ್ಲಿರುವ ಮಗನ ಮನೆಗೆ ಹೋಯಿತು, ತಮ್ಮನದು ಐರೋಳಿಯ ಬಾಡಿಗೆ ಮನೆಗೆ.

ಬಿಟ್ಟುಹೋದದ್ದೂ ಇದೆ. ಟೆರೇಸಿನಿಂದ ಪಶ್ಚಿಮಕ್ಕೆ ನೋಡಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಮಳೆಗಾಲದಲ್ಲಿ ಹಸಿರಾಗಿ ಎದ್ದು ನಿಲ್ಲುತ್ತವೆ. 50ರಲ್ಲಿ ಅವು ಕಟ್ಟಡಗಳ ಹಿಂದಿನ ಒಂದು ಗೆರೆಯಾಗಿ ಮಾತ್ರ ಬಂದವು, 90 ಇದ್ದಿದ್ದರೆ ಗುಡ್ಡವಾಗಿ ಬರುತ್ತಿದ್ದವು. ಎರಡು ಲೆನ್ಸ್ ಒಯ್ಯುವುದೆಂದರೆ ಉಳಿದವು ಕೊಡಬಹುದಾಗಿದ್ದ ಫೋಟೋಗಳನ್ನು ಬಿಟ್ಟುಕೊಡುವುದು. ಯಾವ ಜೋಡಿಯೂ ಈ ನಷ್ಟವನ್ನು ತಪ್ಪಿಸುವುದಿಲ್ಲ. ಹೊರಡುವ ಮೊದಲು ಯಾವ ನಷ್ಟವನ್ನು ತಡೆದುಕೊಳ್ಳಬಲ್ಲೆ ಎಂದು ಕೇಳಿಕೊಂಡರೆ ಚೀಲ ಬೇಗ ತುಂಬುತ್ತದೆ.

ಹೊಸ ಟವರಿನ ನಕ್ಷೆ ಅವರ ಬಳಿ ಇದೆ. ಅದರಲ್ಲಿ ಲಿಫ್ಟಿನ ಮುಂದಿನ ಜಾಗ 14 ಅಡಿ ಅಗಲವಿದೆ. ಅಣ್ಣ ತಮ್ಮಂದಿರಿಗೆ ಎದುರುಬದುರು ಬಾಗಿಲು ಸಿಗುತ್ತದೆಯೋ, ಬೇರೆ ಬೇರೆ ಮಹಡಿಯೋ, ಅದು ಚೀಟಿ ಎತ್ತಿದ ದಿನ ತಿಳಿಯುವ ಮಾತು. ಅಲ್ಲಿಗೆ ಯಾವ ಎರಡು ಲೆನ್ಸ್ ಬೇಕೆಂಬ ಲೆಕ್ಕವನ್ನು ಅವರು ಇನ್ನೂ ಹಾಕಿಲ್ಲ.